ಅಗ್ನಿಶಿಖೆಯೂ ಕಾಡುಗ್ಲಾಡಿಯೋಲಸ್ಸೂ: ಪುಷ್ಪನಾಮಗಳ ಅರ್ಥನಿರ್ಣಯವನ್ನು ಕುರಿತು ಒಂದು ವಿಮರ್ಶೆ

ಪ್ರಾಚೀನ ಕಾವ್ಯಗಳಿಗೂ ವೈದ್ಯಗ್ರಂಥಗಳಿಗೂ ನಮ್ಮ ವಿದ್ವಾಂಸರು ಬರೆದಿರುವ ಟಿಪ್ಪಣಿಗಳನ್ನು ತಿರುವಿ ನೋಡಿದರೆ ‘ಒಂದು ಜಾತಿಯ ಹೂವು’ ಎಂಬುದರಷ್ಟು ಪದೇ ಪದೇ ಕಣ್ಣಿಗೆ ಬೀಳುವ ಅರ್ಥವು ಮತ್ತೊಂದಿಲ್ಲ. ಶಬ್ದವೊಂದರ ವ್ಯುತ್ಪತ್ತಿಗೆ ಅರ್ಧ ಪುಟವನ್ನು ಮೀಸಲಿಡುವ ಸಂಪಾದಕನು, ಒಂದು ಮಾತ್ರೆಯ ಸಲುವಾಗಿ ನಾಲ್ಕು ಪ್ರತಿಗಳನ್ನು ತಾಳೆನೋಡುವ ಪಂಡಿತನು, ಗಿಡದ ಹೆಸರು ಬಂದ ಕೂಡಲೆ ಲೇಖನಿಯನ್ನು ಕೆಳಗಿಡುತ್ತಾನೆ. ಇದು ಅಲಕ್ಷ್ಯದಿಂದ ಆದದ್ದೆಂದು ನಾವು ಹೇಳುವದಿಲ್ಲ. ಗಿಡಬಳ್ಳಿಗಳ ವಿಚಾರವು ಸಾಹಿತ್ಯಕ್ಕೆ ಹೊರಗಿನದು, ಅದು ವನಸ್ಪತಿಶಾಸ್ತ್ರಜ್ಞರ ಪಾಲಿನದು ಎಂಬ ಒಂದು ಮೌನಸಮ್ಮತಿಯು ಬಹುಕಾಲದಿಂದ ನಡೆದುಬಂದಿದೆ. ಈ ಸಮ್ಮತಿಯು ಯೋಗ್ಯವಾದುದಲ್ಲವೆಂದೂ, ಹೂವಿನ ಹೆಸರನ್ನು ನಿರ್ಣಯಿಸದೆ ಬಿಡುವದರಿಂದ ಕಾವ್ಯದ ಅರ್ಥವು ಕೆಡುವದಲ್ಲದೆ ಕೆಲವೆಡೆ ಮನುಷ್ಯನ ಪ್ರಾಣಕ್ಕೇ ಅಪಾಯವುಂಟೆಂದೂ ತೋರಿಸುವದು ಈ ಲೇಖನದ ಉದ್ದೇಶವಾಗಿದೆ.

ಉದಾಹರಣೆಯನ್ನು ದೂರದಿಂದ ತರಬೇಕಾದುದಿಲ್ಲ. ಹುಬ್ಬಳ್ಳಿಯ ಸೆರಗಿನಲ್ಲಿರುವ ತಾರಿಹಾಳವು ಈಗ ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆಯ ಮೇರೆಯೊಳಗೆ ಸೇರಿ, ತನ್ನ ಕೈಗಾರಿಕಾ ವಸಾಹತಿನಿಂದಲೇ ಹೆಚ್ಚು ಪರಿಚಿತವಾಗಿದೆ. ಆದರೆ ಊರ ಹೆಸರನ್ನು ಬಿಡಿಸಿ ನೋಡಿದವನಿಗೆ ಮೊದಲು ಎದುರಾಗುವದು ‘ತಾರಿ’ ಎಂಬ ಮಾತು. ತಾರಿಯೆಂದರೆ ತ್ರಿಫಲೆಯಲ್ಲಿ ಸೇರುವ ತಾರೆಕಾಯಿಯ ಮರ, ಸಂಸ್ಕೃತದ ವಿಭೀತಕ. ಕರಾವಳಿಯ ಕಡೆಯಲ್ಲಿ ‘ತಾರಿ’ಯೆಂದರೆ ಹೊಳೆಯನ್ನು ದಾಟಿಸುವ ದೋಣಿಯೂ ಹೌದು. ಕೋಶವನ್ನಷ್ಟೇ ಮುಂದಿಟ್ಟುಕೊಂಡು ಕುಳಿತವನಿಗೆ ಈ ಎರಡು ಅರ್ಥಗಳೂ ಸಮಬಲವಾಗಿ ತೋರುವವು. ಊರಿಗೆ ಹೋಗಿ ನಿಂತವನಿಗೆ ದೋಣಿ ನಡೆಯುವಂಥ ಹೊಳೆಯೊಂದೂ ಸುತ್ತಲಲ್ಲಿ ಕಾಣದ ಕಾರಣ ಮರದ ಪಕ್ಷವೇ ಬಲವಾಗುತ್ತದೆ. ಇದು ಪೂರ್ಣ ಸಿದ್ಧಾಂತವಲ್ಲ; ಶಾಸನದ ಆಧಾರವು ಬಂದಾಗ ಮಾತ್ರ ಸಿದ್ಧಾಂತವಾದೀತು. ಆದರೂ ಶಬ್ದದ ವ್ಯಾಜ್ಯದಲ್ಲಿ ನೆಲವೂ ಒಬ್ಬ ಸಾಕ್ಷಿಯೆಂಬುದು ಇಷ್ಟರಿಂದಲೇ ತಿಳಿಯುವದು.

ಇಂಥ ಊರುಗಳ ಮಕ್ಕಳು ಈಗ ಎರಡು ಹೂಗಳನ್ನು ಬಲ್ಲರು. ಒಂದು, ಸಭೆ-ಸಮಾರಂಭಗಳಲ್ಲಿ ಮೇಜಿನ ಮೇಲಿನ ಹೂದಾನಿಯಲ್ಲಿ ನಿಲ್ಲುವ ಗ್ಲಾಡಿಯೋಲಸ್. ಇದನ್ನು ಯಾರೂ ಮುಡಿಯುವದಿಲ್ಲ, ಮಾಲೆಗೆ ಕಟ್ಟುವದಿಲ್ಲ. ಉದ್ದನ್ನ ಕಡ್ಡಿಯ ಒಂದೇ ಮಗ್ಗುಲಿಗೆ ಸಾಲಾಗಿ ಅರಳುವದು ಇದರ ಗುರುತು. ಮತ್ತೊಂದು, ಮಳೆಗಾಲದಲ್ಲಿ ಬೇಲಿಯ ಮೇಲೆ ಹಬ್ಬಿ, ಗೌರೀಹಬ್ಬದ ಸುಮಾರಿಗೆ ಬೆಂಕಿ ಹೊತ್ತಿದಂತೆ ಅರಳುವ ಗೌರೀಹೂವು. ಪಾಠ ಹೇಳುವವರಲ್ಲಿ ಹಲವರು ಎರಡಕ್ಕೂ ‘ಲಿಲ್ಲಿಯ ಜಾತಿ’ ಎಂದು ಹೇಳಿ ಮುಗಿಸುವದುಂಟು. ಎರಡೂ ಗಡ್ಡೆಯಿಂದ ಹುಟ್ಟುತ್ತವೆ, ಎರಡಕ್ಕೂ ಆರು ದಳ, ಎರಡೂ ಕೆಂಪು-ಹಳದಿಗಳಲ್ಲಿ ಕಾಣಿಸುತ್ತವೆ. ಆದುದರಿಂದ ಮಾತು ಸರಿಯೆಂದೇ ತೋರುವದು. ಈ ತೋರಿಕೆಯನ್ನು ಒಡೆದು ನೋಡಬೇಕಾಗಿದೆ.

ಗ್ಲಾಡಿಯೋಲಸ್ ಎಂಬುದು ಲ್ಯಾಟಿನ್ ಭಾಷೆಯ ಮಾತು. ಗ್ಲಾಡಿಯಸ್ ಎಂದರೆ ಕತ್ತಿ, ಗ್ಲಾಡಿಯೋಲಸ್ ಎಂದರೆ ಕಿರುಗತ್ತಿ. ಎಲೆಯ ಆಕಾರದಿಂದ ಬಂದ ಹೆಸರಿದು. ಲಿನೀಯಸ್ ಪಂಡಿತನು ೧೭೫೩ರ ತನ್ನ ಗ್ರಂಥದಲ್ಲಿ ಈ ಹೆಸರನ್ನು ಕುಲನಾಮವಾಗಿ ಸ್ಥಿರಪಡಿಸಿದನು. ಕರ್ನಾಟಕದ ಕಾಡುಗಳಲ್ಲಿ ತಾನಾಗಿ ಬೆಳೆಯುವ ಗ್ಲಾಡಿಯೋಲಸ್ ಇಲ್ಲ. ನಮ್ಮ ಪೇಟೆಯ ಹೂವು ಆಫ್ರಿಕದ ಹಲವು ಕಾಡುಜಾತಿಗಳನ್ನು ಯುರೋಪಿನ ತೋಟಗಾರರು ಹತ್ತೊಂಬತ್ತನೆಯ ಶತಮಾನದಿಂದ ಬೆರೆಸುತ್ತ ಬಂದುದರ ಫಲ; ಬೆಂಗಳೂರಿನ ಹತ್ತಿರದ ಹೆಸರಘಟ್ಟದ ತೋಟಗಾರಿಕಾ ಸಂಶೋಧನ ಸಂಸ್ಥೆಯಲ್ಲಿ ಆ ಬೆರಕೆಯು ಮುಂದುವರಿದು ಅಪ್ಸರಾ, ಮೀರಾ, ದರ್ಶನ್, ಅರ್ಕಾ ಕೇಸರ್ ಮುಂತಾದ ಹೆಸರುಗಳ ತಳಿಗಳು ಹೊರಟಿವೆ. ತಳಿಗಳ ಮಾತು ಪ್ರಕೃತಕ್ಕೆ ಬೇಡ. ಕಾಡುಜಾತಿಗಳನ್ನು ವಿದ್ವಾಂಸರು ಹೇಗೆ ಬೇರ್ಪಡಿಸಿದರೆಂಬುದು ನಮ್ಮ ಸಂಪಾದಕರಿಗೆ ಬಹಳ ಬೋಧಪ್ರದವಾದ ಸಂಗತಿ.

ಈ ಕುಲದಲ್ಲಿ ಸುಮಾರು ೩೦೦ ಕಾಡುಜಾತಿಗಳುಂಟು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆಫ್ರಿಕ ಖಂಡದ ದಕ್ಷಿಣ ತುದಿಯವು. ಯುರೋಪು, ಪಶ್ಚಿಮ ಏಶಿಯಗಳಲ್ಲಿ ಬೆಳೆಯುವವು ಹತ್ತರ ಆಸುಪಾಸು. ಆಫ್ರಿಕದ ಜಾತಿಗಳನ್ನು ಪೀಟರ್ ಗೋಲ್ಡ್‌ಬ್ಲಾಟರು ೧೯೯೬ರಲ್ಲಿಯೂ, ಜಾನ್ ಮ್ಯಾನಿಂಗರ ಜೊತೆಗೂಡಿ ೧೯೯೮ರಲ್ಲಿಯೂ ಎರಡು ದೊಡ್ಡ ಗ್ರಂಥಗಳಲ್ಲಿ ವಿವರಿಸಿದ್ದಾರೆ. ಹೊಸಬನಾದ ಓದುಗನಿಗೆ ಈ ವಿಷಯದಲ್ಲಿ ಮೊದಲು ಆಶ್ಚರ್ಯವನ್ನುಂಟುಮಾಡುವದು ಬಣ್ಣಕ್ಕೆ ಅಲ್ಲಿರುವ ಅಲ್ಪಸ್ಥಾನ. ಯುರೋಪಿನ ಕಾಡುಜಾತಿಗಳೆಲ್ಲ ಹೆಚ್ಚು ಕಡಿಮೆ ಒಂದೇ ಬಣ್ಣದವು, ನೇರಿಳೆಯ ಛಾಯೆಯ ಕಡುಗುಲಾಬಿ. ಬಣ್ಣವನ್ನು ನೆಚ್ಚಿದವನಿಗೆ ಅವೆಲ್ಲ ಒಂದೇ ಗಿಡ. ಇದಕ್ಕೆ ವಿಪರ್ಯಯವಾಗಿ ಆಫ್ರಿಕದ ಡಾಲೆನಿ ಎಂಬ ಒಂದೇ ಜಾತಿಯು ಒಂದೆಡೆ ಗಿಳಿಯಂತೆ ಕೆಂಪು-ಹಳದಿ ಬೆರೆತು, ಇನ್ನೊಂದೆಡೆ ಕಿತ್ತಿಳೆಯಾಗಿ, ವಿಕ್ಟೋರಿಯಾ ಜಲಪಾತದ ತುಂತುರಿನಲ್ಲಿ ಬರಿಯ ಹಳದಿಯಾಗಿ ಅರಳುತ್ತದೆ. ಬಣ್ಣವನ್ನು ನೆಚ್ಚಿದ ಹಿಂದಿನವರು ಇದೊಂದನ್ನೇ ಸಿಟಾಸಿನಸ್, ನಟಾಲೆನ್ಸಿಸ್, ಪ್ರಿಮುಲಿನಸ್ ಎಂದು ಬೇರೆ ಬೇರೆ ಜಾತಿಗಳೆಂದು ಎಣಿಸಿದ್ದರು. ಒಂದೇ ಬಣ್ಣವಿದ್ದಲ್ಲಿ ಹಲವು ಜಾತಿ, ಹಲವು ಬಣ್ಣವಿದ್ದಲ್ಲಿ ಒಂದೇ ಜಾತಿ!

ಹಾಗಾದರೆ ನಿಜವಾದ ಲಕ್ಷಣಗಳಾವುವು? ಅವು ನೋಡಿದ ಕೂಡಲೆ ಕಾಣುವಂಥವಲ್ಲ. ಮೊದಲನೆಯದು ಗಡ್ಡೆಯ ಮೇಲಣ ಒಣಸಿಪ್ಪೆ. ಮಧ್ಯ ಯುರೋಪಿನ ಜೌಗು ಹುಲ್ಲುಗಾವಲಿನ ಪಲುಸ್ಟ್ರಿಸ್ ಎಂಬುದರ ಸಿಪ್ಪೆಯ ನಾರು ಬಲೆಯಂತೆ ಹೆಣೆದುಕೊಂಡಿರುತ್ತದೆ. ಅದರ ನೆರೆಯ ಇಂಬ್ರಿಕೇಟಸ್ಸಿನ ನಾರು ಸಣ್ಣದಾಗಿ ಒಂದರ ಪಕ್ಕದಲ್ಲೊಂದು ನೇರವಾಗಿ ಓಡುತ್ತದೆ. ನೆಲದ ಮೇಲೆ ನಿಂತು ಹೂವನ್ನಷ್ಟೇ ನೋಡುವವನಿಗೆ ಈ ಭೇದವು ತಿಳಿಯುವದೇ ಇಲ್ಲ. ಎರಡನೆಯದು ಕೇಸರಗಳ ಪ್ರಮಾಣ. ಭೂಮಧ್ಯಸಾಗರದ ಸುತ್ತಣ ಗೋದಿಯ ಹೊಲಗಳಲ್ಲಿ ಕಳೆಯಾಗಿ ಬೆಳೆಯುವ ಇಟಾಲಿಕಸ್ ಎಂಬುದರಲ್ಲಿ ಪರಾಗಕೋಶವು ತನ್ನ ದಂಡಕ್ಕಿಂತ ಉದ್ದ. ಅದರ ನೆರೆಯ ಕಮ್ಯೂನಿಸ್ ಎಂಬುದರಲ್ಲಿ ಹಾಗಲ್ಲ. ಮೂರನೆಯದು ಬೀಜ: ಕಮ್ಯೂನಿಸ್ಸಿನ ಬೀಜಕ್ಕೆ ತೆಳ್ಳನೆಯ ರೆಕ್ಕೆಯುಂಟು, ಇಟಾಲಿಕಸ್ಸಿನ ಬೀಜಕ್ಕೆ ಇಲ್ಲ. ರೆಕ್ಕೆಯಿಲ್ಲದ ಬೀಜದ ಈ ಗಿಡವು ಹೊಲದಿಂದ ಹೊಲಕ್ಕೆ ಹಬ್ಬಿದ್ದು ಹೇಗೆಂಬುದಕ್ಕೆ ಉತ್ತರವನ್ನು ನಮ್ಮ ರೈತರೇ ಕೊಟ್ಟಾರು. ದೊಡ್ಡ ಗಡ್ಡೆಯ ಸುತ್ತ ಹುಟ್ಟುವ ಮರಿಗಡ್ಡೆಗಳನ್ನು ನೇಗಿಲು ಎಳೆದೊಯ್ದು ಬಿತ್ತುತ್ತದೆ. ನಮ್ಮ ಎರೆಹೊಲದ ಜೇಕು ಕುಂಟೆ ಹೊಡೆದಷ್ಟೂ ಹೆಚ್ಚುವಂತೆಯೇ ಇದೂ ಸಾಗುವಳಿಯಿಂದಲೇ ವೃದ್ಧಿಯಾಗುತ್ತದೆ. ಇದಕ್ಕೆ ‘ಸೆಗೆಟಂ’, ಅಂದರೆ ಪೈರಿನ ಹೊಲದ್ದು, ಎಂಬ ಹಳೆಯ ಹೆಸರೂ ಇದ್ದುದು ಯಥಾರ್ಥವಾಗಿದೆ.

ಇನ್ನು ನಾಲ್ಕನೆಯ ಲಕ್ಷಣವು ಯಾವ ಪ್ರಾಣಿಗಾಗಿ ಹೂವು ಅರಳುವದೆಂಬುದು. ಕೇಪ್ ಪ್ರಾಂತದ ಟ್ರಿಸ್ಟಿಸ್ ಎಂಬುದು ಮಾಸಲು ಹಳದಿಯ ಬಡಹೂವು; ಹಗಲಲ್ಲಿ ವಾಸನೆಯಿಲ್ಲ, ಸಂಜೆಯಾಗುತ್ತಲೇ ಘಮಘಮಿಸಿ ರಾತ್ರಿಯ ಪತಂಗಗಳನ್ನು ಕರೆಯುತ್ತದೆ. ಅದರ ಎಲೆಯನ್ನು ಅಡ್ಡವಾಗಿ ಕೊಯ್ದರೆ ಶಿಲುಬೆಯ ಆಕಾರ ಕಾಣುವದು. ಅದೇ ಪ್ರಾಂತದ ಕಾರ್ಡಿನಾಲಿಸ್ ಜಲಪಾತಗಳ ಒದ್ದೆಯ ಬಂಡೆಗಳಿಂದ ಜೋಲುವ ಕಡುಗೆಂಪಿನ ಹೂವು. ಕೆಳದಳಗಳ ಮೇಲೆ ಬಿಳಿಯ ಮಚ್ಚೆ. ಅದನ್ನು ಅರಸಿ ಬರುವದು ಒಂದು ದೊಡ್ಡ ಚಿಟ್ಟೆ. ಡಾಲೆನಿಗೆ ಸೂರಕ್ಕಿಗಳು ಬರುತ್ತವೆ. ಇವೆಲ್ಲವುಗಳಲ್ಲಿ ಬದಲಾಗದೆ ಉಳಿಯುವ ಕುಲಲಕ್ಷಣಗಳು ಕೆಲವೇ: ಕತ್ತಿಯಂತೆ ಅಂಚು ಮುಂದಾಗಿ ಎರಡು ಸಾಲಿನಲ್ಲಿ ನಿಲ್ಲುವ ಎಲೆ, ದಳಗಳಿಗಿಂತ ಕೆಳಗಿರುವ ಅಂಡಾಶಯ, ಮತ್ತು ಮೂರೇ ಮೂರು ಕೇಸರಗಳು. ಈ ಮೂರರ ಎಣಿಕೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಾದವೆಲ್ಲ ಅದರ ಮೇಲೆ ನಿಂತಿದೆ.

ಗೌರೀಹೂವಿಗೆ ಬರೋಣ. ಲಿನೀಯಸ್ಸನು ಅದೇ ೧೭೫೩ರಲ್ಲಿ ಇದನ್ನು ಗ್ಲೋರಿಯೋಸಾ ಸೂಪರ್ಬಾ ಎಂದು ಹೆಸರಿಸಿದನು. ಅದಕ್ಕೆ ಮೊದಲೇ ಮಲೆಯಾಳದ ಗಿಡಗಳನ್ನು ಕುರಿತ ‘ಹೋರ್ಟುಸ್ ಮಲಬಾರಿಕುಸ್’ ಎಂಬ ಹನ್ನೆರಡು ಸಂಪುಟಗಳ ಗ್ರಂಥದಲ್ಲಿ (೧೬೭೮-೧೬೯೩) ಮೆಂದೋಣಿ ಎಂಬ ಅಲ್ಲಿಯ ಹೆಸರಿನಿಂದ ಇದರ ಚಿತ್ರವು ಅಚ್ಚಾಗಿತ್ತು. ಎಲೆಯ ತುದಿಯೇ ನೂಲಿನಂತೆ ಸುರುಳಿಗೊಂಡು ಬೇಲಿಯನ್ನು ಹಿಡಿಯುವದು ಇದರ ವಿಶೇಷ. ಅಂಚು ಅಲೆಯಲೆಯಾದ ಆರು ದಳಗಳು ಹಿಂದಕ್ಕೆ ಮಡಚಿ ಮೇಲ್ಮುಖವಾಗಿ ನಿಲ್ಲುತ್ತವೆ. ಮೊದಲು ಹಸುರುಮಿಶ್ರಿತ ಹಳದಿ, ಬರಬರುತ್ತ ತುದಿಯಿಂದ ಕೆಂಪೇರಿ ಕಡೆಗೆ ಪೂರ್ತಿ ಕೆಂಪು. ಶಲಾಕೆಯು ಬುಡದಲ್ಲಿಯೇ ಮೊಣಕೈಯಂತೆ ಬಾಗಿ ಅಡ್ಡಕ್ಕೆ ಚಾಚಿಕೊಳ್ಳುತ್ತದೆ. ಅಂಡಾಶಯವು ದಳಗಳಿಗಿಂತ ಮೇಲೆ. ಕೇಸರಗಳು ಆರು. ಆದುದರಿಂದ ಗ್ಲಾಡಿಯೋಲಸ್ಸಿಗೂ ಇದಕ್ಕೂ ಗಡ್ಡೆಯೊಂದರ ಹೊರತು ನಂಟಿಲ್ಲ; ಆ ಗಡ್ಡೆಯೂ ಬೇರೆಯ ಬಗೆಯದು. ಗೌರೀಹೂವಿನ ಗಡ್ಡೆಯನ್ನು ಅಗೆದು ತೆಗೆದರೆ ಅದು ಎರಡು ಕವಲಾಗಿ ನೇಗಿಲಿನಂತೆ ಬಾಗಿರುವದು ಕಾಣುತ್ತದೆ. ಲಾಂಗಲವೆಂದರೆ ನೇಗಿಲು, ಸಂಸ್ಕೃತದ ‘ಲಾಂಗಲೀ’ ಎಂಬ ಹೆಸರಿನ ಗುಟ್ಟು ಇದೇ. ಹೂವನ್ನು ನೋಡಿದವನು ಅಗ್ನಿಶಿಖೆಯೆಂದನು, ನೆಲವನ್ನು ಅಗೆದವನು ಲಾಂಗಲಿಯೆಂದನು. ಹೆರಿಗೆಯ ಮನೆಯಲ್ಲಿ ಇದನ್ನು ಬಳಸಿದವನು ವಿಶಲ್ಯೆಯೆಂದೂ ಗರ್ಭಪಾತಿನಿಯೆಂದೂ ಕರೆದನು. ಕರಡಿಕಣ್ಣಿನ ಗಡ್ಡೆಯೆಂಬ ಕನ್ನಡದ ಹೆಸರೂ ಕೇಳಿಬರುತ್ತದೆ. ಒಂದೊಂದು ಹೆಸರೂ ಒಬ್ಬೊಬ್ಬ ನೋಟಕನ ಸಾಕ್ಷ್ಯವಾಗಿದೆ.

ಈ ಗಡ್ಡೆಯು ವಿಷ. ರಸಶಾಸ್ತ್ರದವರು ಲಾಂಗಲಿಯನ್ನು ಎಕ್ಕ, ಕಣಗಿಲು, ಗುಲಗಂಜಿ, ಮದಗುಣಿಕೆಗಳೊಡನೆ ಉಪವಿಷಗಳಲ್ಲಿ ಎಣಿಸಿದ್ದಾರೆ. ಅದರಲ್ಲಿರುವ ಕಾಲ್ಚಿಸಿನ್ ಎಂಬ ದ್ರವ್ಯವು ಬೇಯಿಸಿದರೂ ಕೆಡುವದಿಲ್ಲ. ಗೆಣಸೆಂದು ಭ್ರಮಿಸಿ ಬೇಯಿಸಿ ತಿಂದು ಸತ್ತವರ ವೃತ್ತಾಂತಗಳು ಶ್ರೀಲಂಕೆಯ ವೈದ್ಯರ ಬರಹಗಳಲ್ಲಿ ದಾಖಲಾಗಿವೆ. ಅದೇ ದ್ರವ್ಯಕ್ಕೋಸ್ಕರ ತಮಿಳುನಾಡಿನಲ್ಲಿ ಇದನ್ನು ಹೊಲದಲ್ಲಿ ಬೆಳೆದು ಬೀಜವನ್ನು ಮಾರುತ್ತಾರೆ. ಅಲ್ಲಿ ಇದು ರಾಜ್ಯಪುಷ್ಪವೂ ಆಗಿದೆ. ಪ್ರಾಚೀನ ತಮಿಳು ಕವಿಗಳು ‘ಕಾಂದಳ್’ ಎಂಬ ಹೆಸರಿನಿಂದ ಇದನ್ನು ಹೆಣ್ಣಿನ ಬೆರಳುಗಳಿಗೆ ಹೋಲಿಸಿದರು. ಹಿಂದಕ್ಕೆ ಬಾಗಿದ ಆ ನೀಳದಳಗಳನ್ನು ಕಂಡವರಿಗೆ ಹೋಲಿಕೆಯು ತಾನಾಗಿಯೇ ಅರ್ಥವಾಗುವದು, ಕಾಣದವರಿಗೆ ಎಷ್ಟು ವ್ಯಾಖ್ಯಾನವಿದ್ದರೂ ಆಗಲಾರದು.

ಇಲ್ಲಿಯೇ ಅರ್ಥನಿರ್ಣಯದ ಮುಖ್ಯ ತೊಡಕು ಎದುರಾಗುತ್ತದೆ. ಅಮರಕೋಶವನ್ನು ತೆರೆದರೆ ‘ಲಾಂಗಲೀ’ ಎಂಬ ಶಬ್ದವು ತೆಂಗಿನ ಮರಕ್ಕೂ ಇದೆ, ಜಲಪಿಪ್ಪಲಿಯೆಂಬ ನೀರಗಿಡಕ್ಕೂ ಇದೆ; ನಮ್ಮ ಬಳ್ಳಿಗೆ ಅಮರಸಿಂಹನು ಕೊಡುವದು ‘ಲಾಂಗಲಿಕೀ’ ಎಂಬ ರೂಪವನ್ನು. ‘ಅಗ್ನಿಶಿಖಾ’ ಎಂಬುದು ಲಾಂಗಲಿಕಿಯ ಜೊತೆಗೊಮ್ಮೆ, ವಿಶಲ್ಯಾ, ಅನಂತಾ ಮುಂತಾದ ಹೆಸರುಗಳ ಜೊತೆಗೊಮ್ಮೆ ಬರುತ್ತದೆ. ಇವೆಲ್ಲ ವನೌಷಧಿವರ್ಗದಲ್ಲಿ. ಮುಂದೆ ಮನುಷ್ಯವರ್ಗದಲ್ಲಿ, ಲೇಪನದ್ರವ್ಯಗಳನ್ನು ಹೇಳುವಲ್ಲಿ, ‘ಅಗ್ನಿಶಿಖ’ ಎಂಬ ಅದೇ ಶಬ್ದವು ನಪುಂಸಕಲಿಂಗದಲ್ಲಿ ಕುಂಕುಮಕೇಸರಿಯ ಪರ್ಯಾಯವಾಗಿ ನಿಲ್ಲುತ್ತದೆ. ಒಂದು ಪ್ರಾಣಹಾರಿಯಾದ ಗಡ್ಡೆ. ಮತ್ತೊಂದು ಹಾಲಿನಲ್ಲಿ ಕದಡಿ ಕೂಸಿಗೂ ಕೊಡುವ ದ್ರವ್ಯ. ಸಂಸ್ಕೃತದಲ್ಲಿ ಇವನ್ನು ಬೇರ್ಪಡಿಸುವದು ಲಿಂಗವೊಂದೇ. ಕನ್ನಡದಲ್ಲಿ ಆಕಾರಾಂತವಾದ ಸ್ತ್ರೀಲಿಂಗಶಬ್ದವು ಎಕಾರಾಂತವಾಗಿ ‘ಅಗ್ನಿಶಿಖೆ’ಯಾಗುವದು, ಅಕಾರಾಂತವು ‘ಅಗ್ನಿಶಿಖಂ’ ಎಂದುಳಿಯುವದು. ಓಲೆಯ ಮೇಲೆ ಒಂದು ಏತ್ವದ ಕೊಂಬಿನಷ್ಟು ಅಂತರ! ಸಮಾಸದ ಮಧ್ಯದಲ್ಲಿ ಶಬ್ದವು ಬಂದರೆ ಅಷ್ಟೂ ಉಳಿಯುವದಿಲ್ಲ. ಇಂಥ ಸ್ಥಳದಲ್ಲಿ ಟಿಪ್ಪಣಿಕಾರನು ‘ಒಂದು ಜಾತಿಯ ಹೂವು’ ಎಂದು ಬರೆದು ಮುಂದೆ ಸಾಗಬಹುದೇ?

ಕಾವ್ಯದಲ್ಲಾದರೆ ತಪ್ಪಿನಿಂದ ಒಂದು ವರ್ಣನೆ ಕೆಟ್ಟೀತು, ಅಷ್ಟೆ. ಆದರೆ ಕನ್ನಡದಲ್ಲಿ ವೈದ್ಯಗ್ರಂಥಗಳ ಸಂಪತ್ತು ಅಲ್ಪವಾದುದಲ್ಲ. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ವಿಷಚಿಕಿತ್ಸೆಗೇ ಮೀಸಲಾದುದು, ಎರಡನೆಯ ಚಾವುಂಡರಾಯನ ‘ಲೋಕೋಪಕಾರ’, ಕೀರ್ತಿವರ್ಮನ ‘ಗೋವೈದ್ಯ’ಗಳಲ್ಲಿಯೂ ಮೂಲಿಕೆಗಳ ಹೆಸರುಗಳು ತುಂಬಿವೆ. ಇಂಥ ಗ್ರಂಥಗಳನ್ನು ಸಂಪಾದಿಸಿದವರು ಪಾಠಾಂತರಗಳನ್ನು ಶ್ರದ್ಧೆಯಿಂದ ಕೂಡಿಸಿ ಕೊಟ್ಟಿದ್ದಾರೆ. ಅವರ ಋಣವು ದೊಡ್ಡದು. ಆದರೆ ಮೂಲಿಕೆಯ ಹೆಸರಿನಲ್ಲಿ ಪಾಠಾಂತರವಿದ್ದಾಗ ಯಾವದನ್ನು ಮೇಲಿನ ಸಾಲಿಗೆ ತರಬೇಕು, ಯಾವದನ್ನು ಅಡಿಗೆ ತಳ್ಳಬೇಕು ಎಂಬುದನ್ನು ಛಂದಸ್ಸು ಮಾತ್ರ ನಿರ್ಣಯಿಸಲಾರದು. ‘ಅಗ್ನಿಶಿಖ’ವೂ ‘ಅಗ್ನಿಶಿಖೆ’ಯೂ ಒಂದೇ ಗಣಕ್ಕೆ ಹೊಂದುವ ಮಾತುಗಳು. ಪ್ರಯೋಗದಲ್ಲಿ ಹೇಳಿದ ಪ್ರಮಾಣವೆಷ್ಟು, ಒಳಗೆ ಕೊಡುವದೋ ಹೊರಗೆ ಹಚ್ಚುವದೋ, ಶೋಧನವನ್ನು ಹೇಳಿದೆಯೋ ಇಲ್ಲವೋ ಎಂದು ನೋಡಬೇಕು. ಶೋಧನವಿಲ್ಲದೆ ಒಳಗೆ ಕೊಡತಕ್ಕದ್ದೆಂದು ಹೇಳಿದ್ದರೆ ಅಲ್ಲಿ ಲಾಂಗಲಿಯ ಅರ್ಥವು ಕೂಡದು. ಹಳೆಯ ಗ್ರಂಥಗಳನ್ನು ಓದಿ ಔಷಧವನ್ನು ಕುದಿಸುವವರು ಇಂದಿಗೂ ಇದ್ದಾರೆಂಬುದನ್ನು ಸಂಪಾದಕನು ಮರೆಯಲಾಗದು.

ಚಮತ್ಕಾರವೇನೆಂದರೆ, ಈ ಕುಂಕುಮಕೇಸರಿಯೇ ಗ್ಲಾಡಿಯೋಲಸ್ಸಿನ ನಿಜವಾದ ದಾಯಾದಿ. ಎರಡೂ ಐರಿಸ್ ಕುಟುಂಬದವು. ಕೇಸರಿಯ ಗಿಡಕ್ಕೂ ಮೂರೇ ಕೇಸರಗಳು. ಪೇಟೆಯಲ್ಲಿ ತೂಗಿ ಮಾರುವ ಕೆಂಪು ಎಳೆಗಳು ಮಾತ್ರ ಕೇಸರಗಳಲ್ಲ, ಅವು ಶಲಾಕಾಗ್ರದ ಮೂರು ಕವಲುಗಳು. ‘ಕೇಸರಿ’ ಎಂಬ ಹೆಸರೇ ಒಂದು ನೋಟದೋಷವನ್ನು ಹೊತ್ತುಕೊಂಡು ಬಂದಿದೆ. ಯುರೋಪಿನವರೂ ಇದೇ ಬಗೆಯ ಮೋಸಕ್ಕೆ ಗುರಿಯಾದವರೇ. ಕೇಸರಿಯ ಹೂವಿನಂತೆಯೇ ಶರತ್ಕಾಲದಲ್ಲಿ ನೆಲದಿಂದ ನೇರವಾಗಿ ಅರಳುವ ಕಾಲ್ಚಿಕಮ್ ಎಂಬ ವಿಷಪುಷ್ಪವನ್ನು ಅವರು ಕೇಸರಿಯೆಂದು ಭ್ರಮಿಸಿದ್ದುಂಟು. ಆ ಕಾಲ್ಚಿಕಮ್ ನಮ್ಮ ಗೌರೀಹೂವಿನ ಕುಟುಂಬದ್ದು. ಕಾಲ್ಚಿಸಿನ್ ಎಂಬ ವಿಷದ ಹೆಸರೂ ಅದರಿಂದಲೇ ಬಂದದ್ದು. ಅಮರಕೋಶದಲ್ಲಿ ಹೆಸರಿನಿಂದ ಬೆರೆತ ಎರಡು ಕುಟುಂಬಗಳೇ ಯುರೋಪಿನ ಹುಲ್ಲುಗಾವಲಿನಲ್ಲಿ ರೂಪದಿಂದ ಬೆರೆತವು. ಎರಡೂ ಕಡೆಯ ಭ್ರಾಂತಿಗೆ ಪರಿಹಾರವು ಒಂದೇ: ಕೇಸರಗಳನ್ನು ಎಣಿಸು. ಮೂರಿದ್ದರೆ ಕೇಸರಿಯ ಮನೆತನ, ಆರಿದ್ದರೆ ವಿಷದ ಮನೆತನ. ಕೇಸರಗಳ ಎಣಿಕೆಯಿಂದಲೇ ವರ್ಗಗಳನ್ನು ಮಾಡಿದ ಲಿನೀಯಸ್ಸನು ಗ್ಲಾಡಿಯೋಲಸ್ಸನ್ನೂ ಕೇಸರಿಯನ್ನೂ ತ್ರಿಕೇಸರವರ್ಗದಲ್ಲಿಯೂ, ಗ್ಲೋರಿಯೋಸವನ್ನೂ ಕಾಲ್ಚಿಕಮ್ಮನ್ನೂ ಷಟ್ಕೇಸರವರ್ಗದಲ್ಲಿಯೂ ಇರಿಸಿದ್ದನು. ಅವನೂ ಎಡವದೆ ಇರಲಿಲ್ಲವೆನ್ನಿ. ಮಲೆಯಾಳದ ತೋಟಗಳ ‘ಬೆಲಂಕಂಡ’ ಎಂಬ ಚುಕ್ಕೆಹೂವಿನ ಗಿಡವನ್ನು ಅವನು ಒಂದೆಡೆ ಐರಿಸ್ಸಿನ ನಂಟರಲ್ಲಿ, ಮತ್ತೊಂದೆಡೆ ಸೀತಾಳೆಯ ನಂಟರಲ್ಲಿ, ಎರಡು ಹೆಸರಿನಿಂದ ಬರೆದಿಟ್ಟನು. ಅವೆರಡೂ ಒಂದೇ ಎಂಬ ಹೊಂದಾಣಿಕೆಯೊಂದಿಗೆ ಗೋಲ್ಡ್‌ಬ್ಲಾಟ್ ಮತ್ತು ಮೇಬರ್ಲಿಯವರು ೨೦೦೫ರಲ್ಲಿ ಅದನ್ನು ಐರಿಸ್ ಕುಲಕ್ಕೆ ಸೇರಿಸಿದರು.

ಕುಂಕುಮದ ಮಾತು ಬಂದುದರಿಂದ ಶಿಕ್ಷಕರಿಗೆ ಒಂದು ಸೂಚನೆ. ಚಂಪೂಕಾವ್ಯಗಳಲ್ಲಿ ಸ್ತನತಟಕ್ಕೂ ಅಂಗಕ್ಕೂ ಲೇಪವಾಗುವ ಕುಂಕುಮವು ಈ ಕೇಸರಿಯೇ, ಹಣೆಗಿಡುವ ಪುಡಿಯಲ್ಲ. ಕಾಶ್ಮೀರ, ಘುಸೃಣ ಎಂಬ ಶಬ್ದಗಳು ಬಂದಾಗ ಯಾರೂ ತಪ್ಪುವದಿಲ್ಲ, ‘ಕುಂಕುಮ’ವೆಂಬುದೇ ಬಂದಾಗ ವಿದ್ಯಾರ್ಥಿಯು ಅರಿಸಿನ-ಸುಣ್ಣಗಳ ಕೆಂಪುಪುಡಿಯನ್ನು ಕಲ್ಪಿಸಿಕೊಳ್ಳುತ್ತಾನೆ, ಕವಿಯು ಉದ್ದೇಶಿಸಿದ ಹೊಂಬಣ್ಣವೂ ಪರಿಮಳವೂ ಮಾಯವಾಗುತ್ತವೆ.

ಈ ಬಗೆಯ ಲಕ್ಷಣಪರೀಕ್ಷೆಯು ಕಾವ್ಯಾರ್ಥಕ್ಕೆ ಎಷ್ಟು ಉಪಕಾರಿಯೆಂಬುದಕ್ಕೆ ‘ಕಂದಲೀ’ ಶಬ್ದವು ಒಳ್ಳೆಯ ನಿದರ್ಶನ. ಕಾಳಿದಾಸನ ಮೇಘದೂತದಲ್ಲಿ ಮೊದಲ ಮಳೆಗೆ ನೀರದಡಗಳಲ್ಲಿ ಕಂದಲಿಗಳು ಮೊಗ್ಗೊಡೆಯುತ್ತವೆ. ಬೇಂದ್ರೆಯವರ ಕನ್ನಡ ಮೇಘದೂತವನ್ನು ಓದಿಸುವ ನಮ್ಮವರಿಗೆಲ್ಲ ಈ ಸಂದರ್ಭವು ಪರಿಚಿತವಾದುದೇ. ಮಳೆಗಾಲ, ಗಡ್ಡೆಯಿಂದ ಮೊಳೆಯುವ ಗಿಡ, ಕೆಂಪಿನ ಹೂವು ಎಂಬ ಮೂರನ್ನು ಹಿಡಿದು ಕಂದಲಿಯೇ ನಮ್ಮ ಗೌರೀಹೂವೆಂದು ಹೇಳಿಬಿಡುವದು ಸುಲಭ. ತಮಿಳಿನ ‘ಕಾಂದಳ್’ ಎಂಬ ಶಬ್ದದ ಧ್ವನಿಸಾಮ್ಯವು ಈ ಆಸೆಗೆ ಇನ್ನಷ್ಟು ಪುಷ್ಟಿಯನ್ನು ಕೊಡುತ್ತದೆ. ಆದರೆ ಲಕ್ಷಣಗಳು ಒಪ್ಪುವದಿಲ್ಲ. ವಿಕ್ರಮೋರ್ವಶೀಯದ ನಾಲ್ಕನೆಯ ಅಂಕದಲ್ಲಿ ಹುಚ್ಚನಂತೆ ಅಲೆಯುವ ಪುರೂರವನು ಹೊಸ ಕಂದಲಿಯನ್ನು ಕಂಡು, ಕೆಂಪುಗೆರೆಯುಳ್ಳ, ಒಳಗೆ ನೀರು ತುಂಬಿಕೊಂಡ ಆ ಹೂಗಳಿಂದ ಪ್ರಿಯೆಯ ಕೋಪದ ಕಂಬನಿಗಣ್ಣುಗಳನ್ನು ನೆನೆಯುತ್ತಾನೆ. ದಳಗಳೆಲ್ಲ ಹಿಂದಕ್ಕೆ ಮಡಚಿ ನಿಂತ ಗೌರೀಹೂವಿನಲ್ಲಿ ಒಂದು ಹನಿ ನೀರೂ ನಿಲ್ಲಲಾರದು. ನೀರು ನಿಲ್ಲದಿದ್ದರೆ ಕಂಬನಿಯಿಲ್ಲ. ಕಂಬನಿಯಿಲ್ಲದಿದ್ದರೆ ಉಪಮೆಯೇ ಇಲ್ಲ. ಇಷ್ಟು ಸಾಲದೆಂಬವರು ಮೇಘದೂತದ ಪಾಠಭೇದವನ್ನು ನೋಡಬಹುದು. ಅಲ್ಲಿ ‘ಜಗ್ಧ್ವಾ’ ಎಂಬ ಒಂದು ಪಾಠವೂ ‘ದಗ್ಧ’ ಎಂಬ ಇನ್ನೊಂದು ಪಾಠವೂ ಉಂಟು. ಮೊದಲನೆಯದರಂತೆ ಸಾರಂಗಗಳು ಕಂದಲಿಯನ್ನು ತಿನ್ನುತ್ತವೆ. ಎರಡನೆಯದರಂತೆ ಸುಟ್ಟ ಕಾಡಿನ ನೆಲದ ಕಂಪನ್ನು ಮೂಸುತ್ತವೆ. ಸಾರಂಗವೆಂದರೆ ಜಿಂಕೆಯೋ ಆನೆಯೋ ದುಂಬಿಯೋ ಎಂಬ ಹಳೆಯ ಜಗಳವನ್ನು ಇಲ್ಲಿ ಎತ್ತುವದಿಲ್ಲ. ‘ಜಗ್ಧ್ವಾ’ ಎಂಬ ಪಾಠವನ್ನು ಎತ್ತಿಹಿಡಿದವರು ಕಂದಲಿಯನ್ನು ವಿಷಗಿಡವೆಂದು ಎಣಿಸಿರಲಾರರೆಂಬುದಂತೂ ಸ್ಪಷ್ಟ. ವ್ಯಾಖ್ಯಾನಕಾರರು ಕಂದಲಿಗೆ ಕೊಡುವ ‘ಭೂಕದಲಿ’, ಅಂದರೆ ನೆಲಬಾಳೆ, ಎಂಬ ಅರ್ಥವನ್ನು ಇದರೊಡನೆ ಕೂಡಿಸಿ ನೋಡಿದರೆ ನಮಗೆ ತೋರುವದಿಷ್ಟು: ಬಾಳೆಯಂಥ ಎಲೆ, ಗಡ್ಡೆ, ನೀರು ಹಿಡಿಯುವ ಹೂಗೊನೆ, ಈ ಮೂರೂ ಕೂಡುವದು ಕಾಡರಿಸಿನದ ಬಳಗದಲ್ಲಿ. ಆ ಬಳಗದ ಗಿಡಗಳ ಹೂಗೊನೆಯಲ್ಲಿ ಒಂದರ ಮೇಲೊಂದು ಬಟ್ಟಲಿನಂಥ ಪೊರೆಗಳಿದ್ದು, ಮಳೆ ಬಂದಾಗ ಅವು ನೀರಿನಿಂದ ತುಂಬಿಕೊಳ್ಳುತ್ತವೆ. ಜಾತಿಯನ್ನು ಹೆಸರಿಸಿ ಹೇಳುವ ಸಾಹಸವನ್ನು ನಾವು ಮಾಡುವದಿಲ್ಲ. ಗೌರೀಹೂವಲ್ಲವೆಂಬ ನಿಷೇಧವು ಮಾತ್ರ ನಮ್ಮ ಅಭಿಪ್ರಾಯದಲ್ಲಿ ದೃಢವಾದುದು.

ಕಾಡುಗ್ಲಾಡಿಯೋಲಸ್ಸು ಸಾಹಿತ್ಯದೊಳಗೆ ಕಾಲಿಡುವ ಒಂದು ಪ್ರಸಂಗವೂ ಉಂಟು, ಅದು ಗ್ರೀಕರದು. ಸೊಫೋಕ್ಲೀಸನ ‘ಅಯಾಸ್’ ನಾಟಕವನ್ನು ಬಿ. ಎಂ. ಶ್ರೀಕಂಠಯ್ಯನವರು ‘ಅಶ್ವತ್ಥಾಮನ್’ ಆಗಿ ಮಾರ್ಪಡಿಸಿದುದು (೧೯೨೯) ಸರ್ವವಿದಿತ. ಆ ಅಯಾಸ್ ವೀರನ ನೆತ್ತರಿನಿಂದ ಹಯಾಸಿಂತ್ ಎಂಬ ಹೂವು ಹುಟ್ಟಿತೆಂದೂ, ಅದರ ದಳಗಳ ಮೇಲೆ ‘ಅಯ್ ಅಯ್’ ಎಂಬ ಅಳಲಿನ ಅಕ್ಷರಗಳು ಬರೆದಿರುವವೆಂದೂ ಲ್ಯಾಟಿನ್ ಕವಿ ಓವಿಡನು ಹೇಳುತ್ತಾನೆ. ಧಾರವಾಡ ಸೀಮೆಯ ವಿದ್ಯಾರ್ಥಿಯು ಹಯಾಸಿಂತ್ ಎಂದೊಡನೆ ನೆನೆಯುವದು ಉಣಕಲ್ ಕೆರೆಯನ್ನು ಕಾಡಿದ, ದಕ್ಷಿಣ ಅಮೆರಿಕದಿಂದ ಬಂದ ನೀರಕಳೆಯನ್ನು! ಈಗಿನ ತೋಟಗಳ ಹಯಾಸಿಂತಿನಲ್ಲಿಯೂ ಅಕ್ಷರದಂಥ ಗುರುತುಗಳಿಲ್ಲ. ಆದುದರಿಂದ ಪುರಾಣದ ಹೂವು ಯಾವದೆಂಬ ಚರ್ಚೆಯಲ್ಲಿ ಕೆಲವರು ಗೋದಿಯ ಹೊಲದ ಗ್ಲಾಡಿಯೋಲಸ್ಸನ್ನೂ, ಕೆಲವರು ಡೆಲ್ಫೀನಿಯಮ್ ಎಂಬ ಹೂವನ್ನೂ ಮುಂದಿಟ್ಟಿದ್ದಾರೆ. ಎರಡನೆಯದಕ್ಕೆ ಲಿನೀಯಸ್ಸನು ‘ಅಯಾಸನದು’ ಎಂಬ ಅರ್ಥದ ಜಾತಿನಾಮವನ್ನೇ ಕೊಟ್ಟಿದ್ದನು. ಆದರೆ ಓವಿಡನು ತನ್ನ ಹೂವಿಗೆ ಲಿಲ್ಲಿಯ ಆಕಾರವನ್ನೂ ನೇರಿಳೆಯ ಬಣ್ಣವನ್ನೂ ಹೇಳಿರುವನು. ಕೊಂಬಿನಂಥ ಬಾಲವುಳ್ಳ ಡೆಲ್ಫೀನಿಯಮ್ಮಿಗೆ ಲಿಲ್ಲಿಯ ಆಕಾರವೆಲ್ಲಿಯದು? ಇಟಾಲಿಕಸ್ ಜಾತಿಯ ಕೆಳದಳಗಳ ಮೇಲಾದರೋ ನೇರಿಳೆಯ ಅಂಚಿನ ಬಿಳಿಗೆರೆಗಳು ಬರೆದಿಟ್ಟಂತೆ ಕಾಣುತ್ತವೆ. ಇವು ಜೇನುಹುಳಕ್ಕೆ ದಾರಿ ತೋರಿಸುವ ಗುರುತುಗಳು. ಕವಿಗೆ ಅಳಲಿನ ಅಕ್ಷರಗಳಾದವು. ಗ್ಲಾಡಿಯೋಲಸ್ಸಿನ ಪಕ್ಷಕ್ಕೇ ನಮ್ಮ ಒಲವು.

ಇಷ್ಟೆಲ್ಲ ಏತಕ್ಕೆ, ಕವಿಗಳು ಹೂಗಳನ್ನು ಕಂಡು ಬರೆದವರಲ್ಲ, ಕವಿಸಮಯವನ್ನು ಅನುಸರಿಸಿ ಬರೆದವರು ಎಂಬ ಆಕ್ಷೇಪವು ಬರಬಹುದು. ಹೆಣ್ಣಿನ ಕಾಲೊದೆತಕ್ಕೆ ಅಶೋಕವೂ ಮದ್ಯದ ಮುಕ್ಕುಳಿಗೆ ಬಕುಲವೂ ಅರಳುವ ಲೋಕದಲ್ಲಿ ಕೇಸರಗಳನ್ನು ಎಣಿಸುವದು ಹಾಸ್ಯಾಸ್ಪದವೆಂದು ಅವರು ಹೇಳುವರು. ಆಕ್ಷೇಪದಲ್ಲಿ ಸತ್ಯಾಂಶವಿದೆ. ಹೂಗಳ ಹೆಸರುಗಳನ್ನು ಸಾಲುಸಾಲಾಗಿ ಪೋಣಿಸಿದ ಉದ್ಯಾನವರ್ಣನೆಗಳಲ್ಲಿ ಪ್ರತಿಯೊಂದನ್ನೂ ಗುರುತಿಸ ಹೊರಡುವದು ವ್ಯರ್ಥ. ಅಲ್ಲಿ ಅನುಪ್ರಾಸವೇ ತೋಟಗಾರ. ಆದರೆ ಕಂದಲಿಯ ಉಪಮೆಯಂಥ ಸ್ಥಳಗಳು ಹಾಗಲ್ಲ. ಅಲ್ಲಿ ಹೂವಿನ ಒಂದು ನಿರ್ದಿಷ್ಟ ಲಕ್ಷಣದ ಮೇಲೆಯೇ ಅಲಂಕಾರವು ನಿಂತಿರುತ್ತದೆ. ಎಲ್ಲಿ ಹೆಸರು ಮಾತ್ರವಿದೆ, ಎಲ್ಲಿ ಲಕ್ಷಣವಿದೆ ಎಂದು ವಿಂಗಡಿಸುವದೇ ವಿಮರ್ಶಕನ ಕೆಲಸ. ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ (೧೯೭೬) ಬಂದು ಬಹುಕಾಲವಾಯಿತು. ವನಸ್ಪತಿಶಾಸ್ತ್ರವನ್ನೂ ಕನ್ನಡದ ರಸಿಕತೆಯನ್ನೂ ಒಂದೇ ಪುಟದಲ್ಲಿ ಕೂಡಿಸಬಹುದೆಂದು ಅವರು ತೋರಿಸಿಕೊಟ್ಟರೂ ಆ ಪುಸ್ತಕವನ್ನು ನಾವು ಲಲಿತಪ್ರಬಂಧಗಳ ಕಪಾಟಿನಲ್ಲಿಟ್ಟು ಸುಮ್ಮನಾದೆವು. ಟಿಪ್ಪಣಿ ಬರೆಯುವವರ ಮೇಜಿನ ಮೇಲೆ ಅದು ಇರಬೇಕಾಗಿತ್ತು. ಧಾರವಾಡ ಜಿಲ್ಲೆಯು ಮುಂಬಯಿ ಇಲಾಖೆಯಲ್ಲಿದ್ದ ಕಾಲದಲ್ಲಿ ಥಿಯೋಡೋರ್ ಕುಕ್ ಸಾಹೇಬರು ಬರೆದ ಇಲಾಖೆಯ ಸಸ್ಯವಿವರಣವೂ (೧೯೦೧-೧೯೦೮), ಕಿಟ್ಟೆಲರ ೧೮೯೪ರ ನಿಘಂಟೂ ಅದೇ ಮೇಜಿಗೆ ಸೇರತಕ್ಕವು. ಕಿಟ್ಟೆಲರು ಗಿಡಗಳ ಹೆಸರಿನ ಮುಂದೆ ಶಾಸ್ತ್ರೀಯನಾಮವನ್ನು ಕೊಡುವ ಪದ್ಧತಿಯನ್ನಿಟ್ಟುಕೊಂಡಿದ್ದರು. ಅವರ ತರುವಾಯ ಬಂದ ಶಾಲಾಕೋಶಗಳು ಆ ಪದ್ಧತಿಯನ್ನು ಕೈಬಿಟ್ಟುದು ಹಿಂದಡಿಯೇ ಸರಿ.

ಪಠ್ಯಪುಸ್ತಕಗಳ ಶಬ್ದಾರ್ಥಪಟ್ಟಿಯಲ್ಲಿ ಪ್ರಕೃತ ಶಬ್ದಗಳನ್ನು ಹೇಗೆ ಕೊಡಬಹುದೆಂಬುದಕ್ಕೆ ಮಾದರಿಯನ್ನು ಕೆಳಗೆ ಸೂಚಿಸಿದ್ದೇವೆ. ವಿದ್ವಾಂಸರು ತಿದ್ದಿ ಬೆಳೆಸಬೇಕು.

ಅಗ್ನಿಶಿಖೆ: ಗೌರೀಹೂವಿನ ಬಳ್ಳಿ, ಲಾಂಗಲಿ, ಗ್ಲೋರಿಯೋಸಾ ಸೂಪರ್ಬಾ. ಎಲೆಯ ತುದಿ ಸುರುಳಿ, ದಳ ಹಿಂದಕ್ಕೆ ಮಡಚಿದ್ದು, ಕೇಸರ ಆರು, ಗಡ್ಡೆ ನೇಗಿಲಿನ ಆಕಾರ. ಸರ್ವಾಂಗವೂ ವಿಷ.

ಅಗ್ನಿಶಿಖ: ಕುಂಕುಮಕೇಸರಿ, ಕ್ರೋಕಸ್ ಸಟೈವಸ್. ಕೇಸರ ಮೂರು; ಬಳಸುವ ಭಾಗ ಶಲಾಕಾಗ್ರ. ಮೇಲಿನದರೊಡನೆ ಬೆರೆಸಬಾರದು.

ಕಂದಲಿ: ಮಳೆಗಾಲದ ಗಡ್ಡೆಗಿಡ, ನೆಲಬಾಳೆ, ಹೂವಿನಲ್ಲಿ ನೀರು ನಿಲ್ಲುವದು. ಅಗ್ನಿಶಿಖೆಯಲ್ಲ.

ಗ್ಲಾಡಿಯೋಲಸ್: ಕಿರುಗತ್ತಿಯ ಹೂವು. ಎಲೆ ಕತ್ತಿಯಂತೆ, ಕೇಸರ ಮೂರು, ಹೂವು ಕಡ್ಡಿಯ ಒಂದೇ ಮಗ್ಗುಲಿಗೆ. ಆಫ್ರಿಕ, ಯುರೋಪು, ಪಶ್ಚಿಮ ಏಶಿಯಗಳ ಕಾಡುಗಿಡ, ನಮ್ಮಲ್ಲಿ ತೋಟದ್ದು. ಹಳಗನ್ನಡದ ಯಾವ ಪುಷ್ಪನಾಮಕ್ಕೂ ಇದನ್ನು ಅರ್ಥವಾಗಿ ಬರೆಯಲಾಗದು.